ಹಳೆಯ ಕಾರಿನ ಸೀಟ್ ಬೆಲ್ಟು

ಬಾವಿಯಿಂದ ನೀರು ಸೇದುತ್ತಿದ್ದ ಕಾಲದಲ್ಲಿ ಮನೆಯ ಹಿರಿಯರು ಮೂರು ವಸ್ತುಗಳ ಮೇಲೆ ಕಣ್ಣಿಟ್ಟಿರುತ್ತಿದ್ದರು: ಬಿಂದಿಗೆ, ರಾಟೆ, ಹಗ್ಗ. ಬಿಂದಿಗೆ ನೆಗ್ಗಿದರೆ ತಟ್ಟಿಸಿ ಸರಿಮಾಡಿಸಬಹುದು. ರಾಟೆ ಕಿರುಗುಟ್ಟಿದರೆ ಎರಡು ಹನಿ ಎಣ್ಣೆ ಬಿಟ್ಟರೆ ಸಾಕು. ಹಗ್ಗದ ವಿಷಯ ಹಾಗಲ್ಲ. ಅದು ಕಿರುಗುಟ್ಟುವುದೂ ಇಲ್ಲ, ಸೋರುವುದೂ ಇಲ್ಲ. ಕಡೆಯ ದಿನದವರೆಗೂ ಚೆನ್ನಾಗಿಯೇ ಇರುವಂತೆ ಕಾಣಿಸಿ, ತುಂಬಿದ ಬಿಂದಿಗೆ ನಡುಬಾವಿಗೆ ಬಂದಾಗ ಕಡಿದುಹೋಗುತ್ತದೆ. ಆದ್ದರಿಂದಲೇ ಎಳೆ ಬಿಚ್ಚಿದ ಹಗ್ಗವನ್ನು ದನ ಕಟ್ಟುವುದಕ್ಕೋ ಬಟ್ಟೆ ಒಣಹಾಕುವುದಕ್ಕೋ ತೆಗೆದಿಟ್ಟು, ಬಾವಿಗೆ ಹೊಸ ಹಗ್ಗ ತರುತ್ತಿದ್ದರು. ಇಂದು ಮನೆಯ ಮುಂದೆ ನಿಂತಿರುವ ಕಾರಿನಲ್ಲಿಯೂ ಅಂತಹದೇ ಒಂದು ಹಗ್ಗವಿದೆ. ಅದೇ ಸೀಟ್ ಬೆಲ್ಟು.

ಮಾರೇನಹಳ್ಳಿಯ ಅಡ್ಡರಸ್ತೆಗಳಲ್ಲಿ ಬೆಳಗ್ಗೆ ಒಂದು ಸುತ್ತು ನಡೆದು ಬಂದರೆ ಹತ್ತು, ಹದಿನೈದು, ಇಪ್ಪತ್ತು ವರ್ಷ ಹಳೆಯ ಕಾರುಗಳನ್ನು ಎಷ್ಟು ಬೇಕಾದರೂ ಕಾಣಬಹುದು. ಒಳಗೆ ನಿಲ್ಲಿಸಲು ಜಾಗವಿಲ್ಲದೆ ಅವು ಬೀದಿಯಲ್ಲೇ ಬಿಸಿಲಿಗೆ ಮೈಯೊಡ್ಡಿ ನಿಂತಿರುತ್ತವೆ. ಮನೆಯವರು ಮೆಟ್ರೋದಲ್ಲೋ ಬಸ್ಸಿನಲ್ಲೋ ಕೆಲಸಕ್ಕೆ ಹೋಗುತ್ತಾರೆ. ಕಾರು ಹೊರಡುವುದು ಭಾನುವಾರ, ಹಬ್ಬದ ದಿನ, ಊರಿಗೆ ಹೋಗುವಾಗ. ಹಾಗೆ ಹೊರಟ ಕಾರು ವಿಜಯನಗರದ ಇಕ್ಕಟ್ಟಿನಲ್ಲಿ ತೆವಳಿಕೊಂಡು ಸಾಗಿ, ಕೆಂಗೇರಿಯನ್ನು ದಾಟುತ್ತಲೇ ೨೦೨೩ರಲ್ಲಿ ಉದ್ಘಾಟನೆಯಾದ ಮೈಸೂರು ಹೆದ್ದಾರಿಯಲ್ಲಿ ಎಂಬತ್ತು, ನೂರು ಕಿಲೋಮೀಟರಿನ ವೇಗಕ್ಕೆ ಏರುತ್ತದೆ. ಗಾಡಿಗೆ ವಯಸ್ಸಾಯಿತು, ರಸ್ತೆಯೋ ಹೊಸದು, ವೇಗವೂ ಹೊಸದು.

ಹೀಗೊಮ್ಮೆ ನಮ್ಮ ಮನೆಯ ಹದಿನಾರು ವರ್ಷದ ಕಾರಿನಲ್ಲಿ ಮೈಸೂರಿಗೆ ಹೊರಟಾಗ, ಹಿಂದಿನ ಸೀಟಿನಲ್ಲಿ ಕುಳಿತ ತಂಗಿಯ ಮಗಳು, "ಮಾಮಾ, ಬೆಲ್ಟೇನೋ ಇದೆ, ಸಿಕ್ಕಿಸೋದಕ್ಕೆ ಜಾಗವೇ ಇಲ್ಲವಲ್ಲ" ಎಂದಳು. ತಡಕಿ ನೋಡಿದರೆ ಬಕಲ್ ಸೀಟ್ ಕವರಿನ ಕೆಳಗೆ ಹೂತುಹೋಗಿತ್ತು. ಕವರು ಹಾಕಿದವನು ಅದನ್ನು ಒಳಗೇ ಬಿಟ್ಟು ಹೊಲಿದಿದ್ದ. ಅಷ್ಟು ವರ್ಷ ನಮಗೂ ಅದರ ನೆನಪು ಬಂದಿರಲಿಲ್ಲ. ಹೊರಗೆ ತೆಗೆದರೆ ಅದರ ಬಾಯಲ್ಲಿ ಕಡಲೆಕಾಯಿ ಸಿಪ್ಪೆ, ಬಿಸ್ಕತ್ತಿನ ಪುಡಿ. ಅನುಮಾನ ಬಂದು ಮುಂದಿನ ಬೆಲ್ಟನ್ನು ಪೂರ್ತಿಯಾಗಿ ಹೊರಗೆಳೆದು ನೋಡಿದಾಗ ಒಂದು ಕಡೆ ಅಂಚು ಬಿಚ್ಚಿ ನೂಲು ಎದ್ದಿತ್ತು. ಗರಾಜಿನಲ್ಲಿ ತೋರಿಸಿದರೆ, "ಇದಕ್ಕೇನು ಸಾರ್, ಬ್ಯಾಗು ಹೊಲಿಯೋರ ಹತ್ತಿರ ಎರಡು ಹೊಲಿಗೆ ಹಾಕಿಸಿಬಿಡಿ" ಎಂಬ ಸಲಹೆ ಸಿಕ್ಕಿತು. ಆ ಸಲಹೆ ಏಕೆ ತಪ್ಪು, ಅದರ ಬದಲು ಮಾಡಬೇಕಾದುದೇನು, ಅದರ ಖರ್ಚು ಯಾರದು ಎಂಬುದನ್ನು ತಿಳಿದುಕೊಳ್ಳಬೇಕಾದರೆ ಮೊದಲು ಬೆಲ್ಟಿನ ಕೆಲಸವೇನೆಂಬುದನ್ನು ನೋಡಬೇಕು.

ಗಂಟೆಗೆ ೫೦ ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು ೧೪ ಮೀಟರ್. ಹತ್ತು ಮೀಟರ್ ಎತ್ತರದ ಮಾಳಿಗೆಯಿಂದ ಬಿದ್ದ ಮನುಷ್ಯ ನೆಲ ಮುಟ್ಟುವ ಹೊತ್ತಿಗೆ ಪಡೆದಿರುವ ವೇಗವೂ ಅಷ್ಟೇ. ಕಾರು ಗೋಡೆಗೆ ಬಡಿದು ನಿಂತಾಗ ಕಾರು ನಿಂತಿತೇ ಹೊರತು ಒಳಗಿನವರು ನಿಲ್ಲಲಿಲ್ಲ. ಅವರ ದೇಹ ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಬೆಲ್ಟು ಕಟ್ಟಿದ್ದರೆ ಕಾರಿನ ಮೂತಿ ನಜ್ಜುಗುಜ್ಜಾಗುವುದರ ಜೊತೆಜೊತೆಗೆ ದೇಹವೂ ಸುಮಾರು ಅರ್ಧ ಮೀಟರ್ ದೂರದಲ್ಲಿ ನಿಲ್ಲುತ್ತದೆಂದು ಇಟ್ಟುಕೊಳ್ಳೋಣ. ಆಗ ೬೦ ಕಿಲೋ ತೂಕದವರ ಮೇಲೆ ಬೀಳುವ ಒತ್ತಡ ಸುಮಾರು ೧,೨೦೦ ಕಿಲೋ ಭಾರದಷ್ಟು. ಬೆಲ್ಟಿಲ್ಲದೆ ಮುಂದಿನ ಹಲಗೆಗೆ ಬಡಿದು ಹತ್ತು ಸೆಂಟಿಮೀಟರಿನಲ್ಲಿ ನಿಂತರೆ ಒತ್ತಡ ಅದರ ಐದು ಪಟ್ಟು, ಅಂದರೆ ಆರು ಟನ್ನು. ಅದೂ ಎಲುಬು, ಎದೆ, ತಲೆಗಳ ಮೇಲೆ. ವೇಗ ಇಮ್ಮಡಿಯಾದರೆ ಈ ಪೆಟ್ಟು ನಾಲ್ಮಡಿಯಾಗುತ್ತದೆ ಎಂಬುದನ್ನೂ ಮರೆಯಬಾರದು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು "ನಾನು ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ" ಎನ್ನುವ ತಾಯಿಯ ಮಾತಿನಲ್ಲಿ ಪ್ರೀತಿಯಿದೆ. ಆದರೆ ಅಷ್ಟು ಭಾರವನ್ನು ತಡೆಯುವ ಶಕ್ತಿ ಯಾರ ತೋಳಿನಲ್ಲಿಯೂ ಇಲ್ಲ.

ಇಂದು ನಾವು ಕಾಣುವ, ಸೊಂಟ ಮತ್ತು ಭುಜ ಎರಡನ್ನೂ ಹಿಡಿಯುವ ಮೂರು ನೆಲೆಯ ಬೆಲ್ಟನ್ನು ರೂಪಿಸಿದವರು ಸ್ವೀಡನ್ ದೇಶದ ಎಂಜಿನಿಯರ್ ನಿಲ್ಸ್ ಬೋಲಿನ್. ಅವರು ಮೊದಲು ಸಾಬ್ ಕಂಪನಿಯಲ್ಲಿ ವಿಮಾನದಿಂದ ಚಾಲಕನನ್ನು ಹೊರಕ್ಕೆಸೆದು ಬದುಕಿಸುವ ಆಸನಗಳ ಕೆಲಸದಲ್ಲಿದ್ದು, ೧೯೫೮ರಲ್ಲಿ ವೋಲ್ವೋ ಕಂಪನಿಗೆ ಬಂದರು. ೧೯೫೯ರಲ್ಲಿ ಆ ಬೆಲ್ಟು ಕಾರಿನಲ್ಲಿ ಬಂದಿತು. ವೋಲ್ವೋ ಕಂಪನಿ ಆ ಪೇಟೆಂಟನ್ನು ತನ್ನೊಬ್ಬಳ ಸೊತ್ತೆಂದು ಬಚ್ಚಿಡದೆ ಎಲ್ಲ ತಯಾರಕರೂ ಬಳಸಿಕೊಳ್ಳಲು ಬಿಟ್ಟುಕೊಟ್ಟಿತು. ನಮ್ಮ ದೇಶಕ್ಕೆ ಇದು ತಡವಾಗಿ ಬಂತು. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ೧೯೯೩ರಲ್ಲಿ ತಿದ್ದುಪಡಿಯಾಗಿ, ೧೯೯೪ರಿಂದ ಹೊಸ ಕಾರುಗಳ ಮುಂದಿನ ಸೀಟುಗಳಿಗೆ ಬೆಲ್ಟು ಕಡ್ಡಾಯವಾಯಿತು; ಹಿಂದಿನ ಸೀಟುಗಳಿಗೆ ೨೦೦೨ರಲ್ಲಿ. ಆದಕಾರಣ ಹಳೆಯ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಲ್ಲಿ, ಮೊದಮೊದಲ ಮಾರುತಿ ೮೦೦ಗಳಲ್ಲಿ ಹಿಂದೆ ಬೆಲ್ಟು ಕಾಣದಿದ್ದರೆ ಆಶ್ಚರ್ಯವಿಲ್ಲ.

ಬೆಲ್ಟು ಇದ್ದ ಮೇಲೆ ಅದನ್ನು ಕಟ್ಟಿಕೊಳ್ಳುವುದೂ ಕಾನೂನೇ. ೨೦೧೯ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯಿದೆಗೆ ಸೇರಿದ ೧೯೪ಬಿ ಕಲಮಿನಲ್ಲಿ ಬೆಲ್ಟು ಕಟ್ಟದವರಿಗೆ ೧,೦೦೦ ರೂಪಾಯಿ ದಂಡ ಹೇಳಿದೆ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಬೆಲ್ಟಿನಿಂದಲೋ ಮಕ್ಕಳ ಆಸನದಿಂದಲೋ ಭದ್ರಪಡಿಸದಿದ್ದರೂ ಅಷ್ಟೇ ದಂಡ. ದಂಡಕ್ಕಿಂತ ದೊಡ್ಡ ಲೆಕ್ಕ ಬೇರೆ ಇದೆ. ಕೇಂದ್ರ ಸರ್ಕಾರದ ವರದಿಯ ಪ್ರಕಾರ ೨೦೨೨ರ ಒಂದೇ ವರ್ಷದಲ್ಲಿ ಬೆಲ್ಟು ಕಟ್ಟದೆ ಸತ್ತವರು ೧೬,೭೧೫ ಮಂದಿ. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು, ೮,೩೩೧ ಮಂದಿ, ಗಾಡಿ ನಡೆಸುತ್ತಿದ್ದವರಲ್ಲ, ಜೊತೆಗೆ ಕುಳಿತವರು. ಅದೇ ವರ್ಷದ ಸೆಪ್ಟೆಂಬರ್ ೪ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿಯವರು ತೀರಿಕೊಂಡದ್ದೂ ಹಿಂದಿನ ಸೀಟಿನಲ್ಲಿ ಬೆಲ್ಟಿಲ್ಲದೆ ಕುಳಿತಿದ್ದಾಗಲೇ. ಕಾರು ಬೆಲೆಬಾಳುವುದಾಗಿತ್ತು, ಅದರಲ್ಲಿ ಬೆಲ್ಟೂ ಇತ್ತು.

ಇನ್ನು ಬೆಲ್ಟಿನ ಒಡಲೊಳಗೆ ಇಣುಕೋಣ. ಪಟ್ಟಿ ಪಾಲಿಯೆಸ್ಟರ್ ನೂಲಿನ ದಟ್ಟವಾದ ನೇಯ್ಗೆ. ಯೂರೋಪಿನ ನಿಯಮದಂತೆ ಅದು ಸುಮಾರು ೧,೫೦೦ ಕಿಲೋ ಭಾರದ ಎಳೆತಕ್ಕೂ ಕಡಿಯಬಾರದು. ಬಾಗಿಲ ಪಕ್ಕದ ಕಂಬದ ಬುಡದಲ್ಲಿ ಅದನ್ನು ಸುತ್ತಿಕೊಳ್ಳುವ ಒಂದು ಸುರುಳಿ ಇದೆ. ಸುರುಳಿಯ ಸ್ಪ್ರಿಂಗು ಪಟ್ಟಿಯನ್ನು ಸದಾ ಮೆಲ್ಲನೆ ಒಳಕ್ಕೆಳೆಯುತ್ತಿರುತ್ತದೆ. ಅದರೊಳಗೆ ಒಂದು ಪುಟ್ಟ ಉಕ್ಕಿನ ಗುಂಡೋ ತೂಗುಬಟ್ಟೋ ಇರುತ್ತದೆ. ಗಾಡಿ ತಟ್ಟನೆ ನಿಂತಾಗ ಆ ಗುಂಡು ತನ್ನ ಜಾಗ ಬಿಟ್ಟು ಉರುಳಿ, ಒಂದು ಹಲ್ಲನ್ನು ಎತ್ತಿ, ಸುರುಳಿಯನ್ನು ಬಿಗಿದು ನಿಲ್ಲಿಸುತ್ತದೆ. ಪಟ್ಟಿಯನ್ನು ಜೋರಾಗಿ ಎಳೆದಾಗ ಬಿಗಿಯುವ ಏರ್ಪಾಡೂ ಅದರ ಜೊತೆಗಿರುತ್ತದೆ. ಹೊಸ ತಲೆಮಾರಿನ ಕಾರುಗಳಲ್ಲಿ ಇದಲ್ಲದೆ ಸಣ್ಣದೊಂದು ಮದ್ದಿನ ಗುಳಿಗೆಯಿದ್ದು, ಡಿಕ್ಕಿಯಾದ ಕ್ಷಣದಲ್ಲಿ ಸಿಡಿದು ಪಟ್ಟಿಯ ಸಡಿಲವನ್ನೆಲ್ಲ ಎಳೆದು ಬಿಗಿಗೊಳಿಸುತ್ತದೆ. ಇದಕ್ಕೆ ಪ್ರಿಟೆನ್ಷನರ್ ಎಂದು ಹೆಸರು. ಅದು ದೀಪಾವಳಿಯ ಪಟಾಕಿಯಂತೆ: ಒಮ್ಮೆ ಸಿಡಿದರೆ ಮುಗಿಯಿತು, ಮತ್ತೆ ಬಳಕೆಗೆ ಬಾರದು.

ಇವಕ್ಕೆಲ್ಲ ವಯಸ್ಸಾಗುವುದು ಹೇಗೆ? ಬಿಸಿಲಿನ ನೇರಳಾತೀತ ಕಿರಣಗಳು ನೂಲನ್ನು ಒಣಗಿಸಿ ಬಣ್ಣಗೆಡಿಸುತ್ತವೆ. ಭುಜದ ಬಳಿ ಪಟ್ಟಿ ಹಾದುಹೋಗುವ ಬಳೆಯಲ್ಲಿ ಬೆವರು, ದೂಳು, ಜಿಡ್ಡು ಮೆತ್ತಿಕೊಂಡು ಉಜ್ಜುಕಾಗದದಂತೆ ದಿನವೂ ಪಟ್ಟಿಯನ್ನು ತೀಡುತ್ತವೆ. ಬಾಗಿಲಿಗೆ ಸಿಕ್ಕಿ ಅಂಚು ಹರಿಯುತ್ತದೆ. ಸ್ಪ್ರಿಂಗು ಸೋಲುತ್ತದೆ. ಬುಡದ ಬೋಲ್ಟು ಮಳೆಗಾಲದ ತೇವಕ್ಕೆ ತುಕ್ಕು ಹಿಡಿಯುತ್ತದೆ. ಪ್ಲಾಸ್ಟಿಕ್ಕಿಗೂ ಮುಪ್ಪು ಬರುತ್ತದೆ ಎಂಬುದಕ್ಕೆ ಒಂದು ದೊಡ್ಡ ನಿದರ್ಶನವಿದೆ. ಜಪಾನಿನ ತಕಾಟ ಕಂಪನಿ ಮಾಡಿದ ಬಕಲ್‌ಗಳ ಕೆಂಪು ಗುಂಡಿ ಬಿಸಿಲಿಗೆ ಪೆಡಸಾಗಿ ಒಡೆದು, ಅದರ ಚೂರುಗಳು ಒಳಗೆ ಸಿಕ್ಕಿಕೊಳ್ಳುತ್ತಿದ್ದವು. ಇದರಿಂದ ೧೯೯೫ರಲ್ಲಿ ಅಮೆರಿಕದಲ್ಲಿ ಎಂಬತ್ತು ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಹಿಂದಕ್ಕೆ ಕರೆಸಬೇಕಾಯಿತು. ಕಾರುಗಳು ಹೊಸದಾಗಿದ್ದಾಗ ಆ ಗುಂಡಿಗಳೂ ಸರಿಯಾಗಿಯೇ ಇದ್ದವು, ಕೆಟ್ಟದ್ದು ಕಾಲಕ್ರಮದಲ್ಲಿ.

ಈಗ ವಾರಂಟಿಯ ಮಾತು. ವಾರಂಟಿಯೆಂದರೆ ತಯಾರಿಕೆಯ ಸಾಮಗ್ರಿಯಲ್ಲೋ ಕೆಲಸದಲ್ಲೋ ದೋಷವಿದ್ದರೆ ಗೊತ್ತಾದ ಅವಧಿಯೊಳಗೆ ಉಚಿತವಾಗಿ ಸರಿಪಡಿಸಿಕೊಡುತ್ತೇವೆ ಎಂಬ ಬರಹದ ಮಾತು. ಬಳಕೆಯಿಂದಾದ ಸವೆತ, ಅಪಘಾತದ ಪೆಟ್ಟು, ಹೊರಗಿನವರು ಮಾಡಿದ ಮಾರ್ಪಾಡು ಇವು ಅದರೊಳಗೆ ಬರುವುದಿಲ್ಲ. ಅಮೆರಿಕದಲ್ಲಿ ಹೋಂಡ ಕಂಪನಿ ಸೀಟ್ ಬೆಲ್ಟಿಗೆಂದೇ ಕಾರಿನ ಬಳಕೆಯ ಆಯುಸ್ಸಿನುದ್ದಕ್ಕೂ ಪ್ರತ್ಯೇಕ ವಾರಂಟಿ ಕೊಡುತ್ತ ಬಂದಿದೆ. ಟೊಯೋಟ ಐದು ವರ್ಷ ಅಥವಾ ೬೦,೦೦೦ ಮೈಲಿಗಳವರೆಗೆ ಕೊಡುತ್ತದೆ. ಅಲ್ಲಿರುವ ಮಗನೋ ಅಳಿಯನೋ "ಹತ್ತು ವರ್ಷದ ಕಾರಿಗೆ ಬೆಲ್ಟು ಬಿಟ್ಟಿಯಾಗಿ ಹಾಕಿಕೊಟ್ಟರು" ಎಂದರೆ ನಂಬಬಹುದು. ಆದರೆ ಆ ಮಾತನ್ನು ಹಿಡಿದುಕೊಂಡು ಇಲ್ಲಿನ ಷೋರೂಮಿಗೆ ಹೋದರೆ ಫಲವಿಲ್ಲ. ನಮ್ಮಲ್ಲಿ ಬೆಲ್ಟು ಸಾಮಾನ್ಯವಾಗಿ ಇಡೀ ಗಾಡಿಯ ವಾರಂಟಿಯೊಳಗೇ ಸೇರಿರುತ್ತದೆ. ಮಾರುತಿ ಸುಜುಕಿಯ ವಾರಂಟಿ ಬಹುಕಾಲ ಎರಡು ವರ್ಷ ಅಥವಾ ೪೦,೦೦೦ ಕಿಲೋಮೀಟರ್ ಇದ್ದು, ೨೦೨೪ರ ಜುಲೈಯಿಂದ ಹೊಸ ಕಾರುಗಳಿಗೆ ಮೂರು ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರ್ ಆಯಿತು. ಎರಡರಲ್ಲಿ ಯಾವುದು ಮೊದಲು ಮುಗಿಯುವುದೋ ಅಲ್ಲಿಗೆ ವಾರಂಟಿಯೂ ಮುಗಿಯಿತು. ಹದಿನಾರು ವರ್ಷದ ಕಾರಿಗೆ ಈ ಬಾಗಿಲು ಮುಚ್ಚಿದೆ ಎಂದೇ ತಿಳಿಯಬೇಕು.

ಹಾಗಾದರೆ ಬೇರೆ ದಾರಿಯಿಲ್ಲವೆ? ಎರಡಿವೆ. ತಯಾರಿಕೆಯಲ್ಲೇ ದೋಷವಿದ್ದುದು ಆಮೇಲೆ ಬಯಲಾದರೆ ಕಂಪನಿ ಗಾಡಿಗಳನ್ನು ಹಿಂದಕ್ಕೆ ಕರೆಸಿ ಉಚಿತವಾಗಿ ಸರಿಪಡಿಸುತ್ತದೆ. ೨೦೨೨ರ ಡಿಸೆಂಬರಿನಲ್ಲಿ ಮಾರುತಿ ಸುಜುಕಿ ಕಂಪನಿ ಮುಂದಿನ ಬೆಲ್ಟಿನ ಭುಜದೆತ್ತರ ಹೊಂದಿಸುವ ಭಾಗದಲ್ಲಿ ದೋಷವಿರಬಹುದೆಂದು ೯,೧೨೫ ಕಾರುಗಳನ್ನು ಹೀಗೆ ಕರೆಸಿತ್ತು. ಇಂತಹ ಕರೆ ಬಂದಾಗ ವಾರಂಟಿ ಮುಗಿದಿದೆಯೇ ಎಂದು ಯಾರೂ ಕೇಳುವುದಿಲ್ಲ. ನಿಮ್ಮ ಗಾಡಿಯ ಷಾಸಿ ನಂಬರನ್ನು ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ಕೊಟ್ಟು, ಬಾಕಿ ಉಳಿದ ಕರೆ ಏನಾದರೂ ಇದೆಯೇ ಎಂದು ವಿಚಾರಿಸಬಹುದು. ಕಾರನ್ನು ಎರಡನೆಯ ಕೈಯಿಂದ ಕೊಂಡವರು ಇದನ್ನು ತಪ್ಪದೆ ಮಾಡಬೇಕು. ಸರ್ಕಾರವೇ ಕಡ್ಡಾಯವಾಗಿ ಹಿಂದಕ್ಕೆ ಕರೆಸುವ ಅಧಿಕಾರವೂ ಈಗಿದೆ, ಆದರೆ ಅದು ಏಳು ವರ್ಷದೊಳಗಿನ ಗಾಡಿಗಳಿಗೆ ಮಾತ್ರ. ಎರಡನೆಯ ದಾರಿ ವಿಮೆ. ಅಪಘಾತದ ನಂತರ ಗಾಡಿಯ ಸ್ವಂತ ನಷ್ಟಕ್ಕೆ ವಿಮೆ ಕೇಳುವಾಗ ಬಂಪರು, ದೀಪಗಳ ಜೊತೆಗೆ ಆ ಹೊತ್ತು ಕಟ್ಟಿಕೊಂಡಿದ್ದ ಬೆಲ್ಟುಗಳನ್ನೂ ಸರ್ವೇಯರಿಗೆ ತೋರಿಸಿ, ಅಂದಾಜುಪಟ್ಟಿಯಲ್ಲಿ ಬರೆಸಬೇಕು. ಬೆಲ್ಟು ಹೊರಗೆ ಚೆನ್ನಾಗಿ ಕಾಣಿಸಿದರೂ ಒಮ್ಮೆ ಭಾರಿ ಡಿಕ್ಕಿಯನ್ನು ತಡೆದ ಪಟ್ಟಿಯ ನೂಲು ಜಗ್ಗಿರುತ್ತದೆ; ಬಳೆಯ ಬಳಿ ಉಜ್ಜಿದ ಕಾವಿಗೆ ಕರಗಿ ಮಿರುಗುತ್ತಿರುತ್ತದೆ. ಅಂತಹದನ್ನು ಮತ್ತೆ ನಂಬಬಾರದು.

ಕೈಯಿಂದ ಹಣ ಹಾಕಿ ಬದಲಾಯಿಸಬೇಕಾದಾಗ ನಾಲ್ಕು ಎಚ್ಚರಿಕೆಗಳು ಬೇಕು. ಮೊದಲನೆಯದು, ಹೊಲಿಗೆ ಬೇಡ. ಕಾರ್ಖಾನೆಯ ಹೊಲಿಗೆ ಗೊತ್ತಾದ ನೂಲಿನಿಂದ, ಗೊತ್ತಾದ ವಿನ್ಯಾಸದಲ್ಲಿ, ಎಳೆದು ಪರೀಕ್ಷಿಸಿದ್ದು. ಬ್ಯಾಗಿನ ಸೂಜಿ ಪಟ್ಟಿಯ ಎಳೆಗಳನ್ನೇ ಚುಚ್ಚಿ ಕಡಿಯುತ್ತದೆ. ಅಂದವಾಗಿ ಕಾಣುವ ಆ ಜಾಗವೇ ಮುಂದೆ ಹರಿಯುವ ಜಾಗವಾಗುತ್ತದೆ. ಎರಡನೆಯದು, ಬೇರೆ ಮಾದರಿಯ ಬೆಲ್ಟು ಬೇಡ. ಸುರುಳಿಯೊಳಗಿನ ಗುಂಡು ಒಂದು ನಿರ್ದಿಷ್ಟ ಓರೆಯಲ್ಲಿ ಕೂರುವಂತೆ ಮಾಡಿರುತ್ತಾರೆ. ಕಂಬದ ಇಳಿಜಾರು ಬೇರೆಯಾದರೆ ಅದು ಸದಾ ಬಿಗಿದೇ ಇರಬಹುದು, ಇಲ್ಲವೆ ಬಿಗಿಯಬೇಕಾದಾಗ ಬಿಗಿಯದಿರಬಹುದು. ಮಾದರಿ, ತಯಾರಾದ ವರ್ಷ, ಎಡವೋ ಬಲವೋ ಎಂಬುದನ್ನು ಭಾಗದ ನಂಬರಿನೊಡನೆ ತಾಳೆ ನೋಡಿ ತರಬೇಕು. ಮೂರನೆಯದು, ಗುಜರಿಯ ಬೆಲ್ಟು ಬೇಡ. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹೊಸ ಭಾಗವನ್ನು ಬಿಲ್ಲು ಪಡೆದು ಕೊಳ್ಳುವುದು ಬೇರೆ. ಬಿಚ್ಚಿದ ಗಾಡಿಯ ಹಳೆಯ ಬೆಲ್ಟನ್ನು ಅಗ್ಗಕ್ಕೆ ತರುವುದು ಬೇರೆ. ಗುಜರಿಗೆ ಬರುವ ಎಷ್ಟೋ ಗಾಡಿಗಳು ಅಪಘಾತದಿಂದಲೇ ಬಂದವು. ಆ ಬೆಲ್ಟು ಯಾರ ಭಾರವನ್ನು ಹೊತ್ತಿತ್ತೋ ಹೇಳುವವರಿಲ್ಲ. ನಾಲ್ಕನೆಯದು, ಬುಡದ ಬೋಲ್ಟಿನ ಬದಲು ಹಾರ್ಡ್‌ವೇರ್ ಅಂಗಡಿಯ ಯಾವುದೋ ಬೋಲ್ಟು ಹಾಕಬಾರದು. ಅದು ಗಟ್ಟಿ ಉಕ್ಕಿನ, ಅಳತೆಗೊಂದೇ ಬೋಲ್ಟು. ಪ್ರಿಟೆನ್ಷನರ್ ಇರುವ ಬೆಲ್ಟನ್ನಂತೂ ತಿಳಿದ ಮೆಕ್ಯಾನಿಕ್ಕೇ ಬ್ಯಾಟರಿ ಬಿಚ್ಚಿ, ಕಾದು, ಆಮೇಲೆ ಮುಟ್ಟಬೇಕು. ಸುರುಳಿಯನ್ನು ಮನೆಯಲ್ಲಿ ಎಂದಿಗೂ ಬಿಚ್ಚಬಾರದು.

ಬೆಲ್ಟೇ ಇಲ್ಲದ ಹಳೆಯ ಕಾಲದ ಗಾಡಿಯವರು ಇನ್ನೊಂದು ಮಾತನ್ನು ಗಮನಿಸಬೇಕು. ತಯಾರಕರು ಮೊದಲೇ ಮರೆಯುಳ್ಳ ತೂತು ಬಿಟ್ಟು ಬಲಪಡಿಸಿರುವ ನೆಲೆಗಳಿದ್ದರೆ ಅಲ್ಲಿ ಬೆಲ್ಟು ಹಾಕಿಸಬಹುದು. ಬರಿಯ ತಗಡಿಗೆ ತೂತು ಕೊರೆದು ಬಿಗಿದರೆ ಪೆಟ್ಟು ಬಿದ್ದಾಗ ತಗಡು ಹರಿದು ಬೆಲ್ಟು ಕೈಗೆ ಬರುತ್ತದೆ.

ಹೊಸ ಬೆಲ್ಟಿನ ಬಿಲ್ಲನ್ನು ಜೋಪಾನವಾಗಿಡಿ. ಅದರ ಮೇಲೆ ಬರೆದಿರುವ ಅವಧಿಯೇ ಆ ಭಾಗದ ವಾರಂಟಿ. ಮಾರಿದವರು ಮಾತಿಗೆ ತಪ್ಪಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ೧೯೧೫ ನಂಬರಿಗೆ ದೂರು ಹೇಳಬಹುದು. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು ಎರಡು ವರ್ಷದ ಗಡುವಿದೆ. ಬಿಲ್ಲಿಲ್ಲದವನ ದೂರಿಗೆ ಬಲವಿಲ್ಲ. ಬೆಲ್ಟು ಕಟ್ಟದಿದ್ದಾಗ ಕೂಗುವ ಗಂಟೆಯ ಬಾಯಿ ಮುಚ್ಚಿಸಲು ಬಕಲ್‌ಗೆ ಸಿಕ್ಕಿಸುವ ಸುಳ್ಳು ಕ್ಲಿಪ್ಪುಗಳನ್ನು ಮಾತ್ರ ಯಾರೂ ಕೊಳ್ಳಬೇಡಿ. ೨೦೨೩ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಮಾರಾಟ ಸಂಸ್ಥೆಗಳಿಗೆ ಅವನ್ನು ತೆಗೆಸಿಹಾಕಲು ಆಜ್ಞೆ ಮಾಡಿತು. ೧೩,೧೧೮ ಮಾರಾಟದ ಪುಟಗಳು ಹೋದವು.

ಹದಿನೈದು ವರ್ಷವಾದ ಖಾಸಗಿ ಕಾರಿನ ನೋಂದಣಿಯನ್ನು ಅಲ್ಲಿಂದ ಮುಂದೆ ಐದೈದು ವರ್ಷಕ್ಕೊಮ್ಮೆ ಆರ್.ಟಿ.ಓ. ಕಛೇರಿಯಲ್ಲಿ ಗಾಡಿಯ ಯೋಗ್ಯತೆ ನೋಡಿ ನವೀಕರಿಸುತ್ತಾರೆ. ಅದಕ್ಕಾಗಿ ರಾಜಾಜಿನಗರಕ್ಕೆ ಗಾಡಿ ಒಯ್ಯುವ ದಿನದವರೆಗೆ ಕಾಯಬೇಕಾಗಿಲ್ಲ. ಮನೆಯಲ್ಲೇ ಕಾಲು ಗಂಟೆಯಲ್ಲಿ ಮಾಡುವ ಪರೀಕ್ಷೆ ಇದು. ಪ್ರತಿಯೊಂದು ಬೆಲ್ಟನ್ನೂ ಕಡೆಯವರೆಗೆ ಹೊರಗೆಳೆದು, ಎರಡು ಬೆರಳ ನಡುವೆ ಹಾಯಿಸಿ ನೋಡಿ: ಹರಿದ ಅಂಚು, ಎದ್ದ ನೂಲು, ಪೆಡಸು, ಮಿರುಗುವ ಕಲೆ, ಪೂರ್ತಿ ಬಿಳಿಚಿದ ಬಣ್ಣ ಇವುಗಳಲ್ಲಿ ಒಂದಿದ್ದರೂ ಬದಲಾಯಿಸಿ. ತಟ್ಟನೆ ಜಗ್ಗಿ, ಬಿಗಿಯಬೇಕು. ಬಿಗಿಯದಿದ್ದರೆ ಖಾಲಿ ಮೈದಾನದಲ್ಲಿ ನಡಿಗೆಯ ವೇಗದಲ್ಲಿ ಹೋಗಿ ಬ್ರೇಕು ಹಾಕಿ ನೋಡಿ. ಅಲ್ಲಿಯೂ ಬಿಗಿಯದಿದ್ದರೆ ಮೆಕ್ಯಾನಿಕ್ಕಿಗೆ ತೋರಿಸಿ. ಬಿಟ್ಟಾಗ ತಾನಾಗಿ ಸುತ್ತಿಕೊಳ್ಳಬೇಕು. ನಿಧಾನವಾದರೆ ಎಷ್ಟೋ ವೇಳೆ ಕೊಳೆಯೇ ಕಾರಣ: ಬಳೆಯನ್ನು ಒದ್ದೆ ಬಟ್ಟೆಯಿಂದ ಒರಸಿ, ಪಟ್ಟಿಯನ್ನು ಉಗುರುಬೆಚ್ಚಗಿನ ನೀರು ಮತ್ತು ಮೃದುವಾದ ಸೋಪಿನಿಂದ ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿದ ಮೇಲೆ ಒಳಕ್ಕೆ ಬಿಡಿ. ಬ್ಲೀಚಿಂಗ್ ಪುಡಿ, ಪೆಟ್ರೋಲು, ಬಣ್ಣ ತಾಗಿಸಬೇಡಿ. ಬಕಲ್ 'ಟಕ್' ಎಂದು ಕಚ್ಚಬೇಕು, ಗುಂಡಿ ಒತ್ತಿದೊಡನೆ ಬಿಡಬೇಕು. ಸೀಟ್ ಕವರು ಹಾಕಿಸುವಾಗ ಎದುರಿಗೇ ನಿಂತು ಹಿಂದಿನ ಬಕಲ್‌ಗಳನ್ನು ಹೊರಗೆ ತೆಗೆಸಿ.

ನಮ್ಮ ಕಾರಿಗೆ ಹೊಸ ಬೆಲ್ಟು ಬಂತು. ಹಿಂದಿನ ಬಕಲ್‌ಗಳು ಕವರಿನ ಮೇಲೆ ಬಂದವು. ತಂಗಿಯ ಮಗಳು ಈಗ ಕಾರು ಹತ್ತಿದೊಡನೆ ಮೊದಲು ತಾನು ಕಟ್ಟಿಕೊಂಡು, ಆಮೇಲೆ ಅಜ್ಜಿಯದನ್ನು ಕಟ್ಟುತ್ತಾಳೆ. ಅಜ್ಜಿಗೆ ಮೊದಮೊದಲು ಅದು ಹಿಂಸೆಯೆನಿಸಿತು. "ಬಾವಿಯ ಹಗ್ಗ ಅಂತ ತಿಳ್ಕೊಳ್ಳಮ್ಮ" ಎಂದ ಮೇಲೆ ಸುಮ್ಮನಾದರು. ಹಗ್ಗ ಕಡಿದ ಬಾವಿಯನ್ನು ಅವರು ಕಣ್ಣಾರೆ ಕಂಡವರು. ಮುಂದಿನ ಭಾನುವಾರ ನಿಮ್ಮ ಕಾರು ಬೀದಿಯಿಂದ ಹೊರಡುವ ಮುನ್ನ, ಬೆಲ್ಟನ್ನು ಒಮ್ಮೆ ಕಡೆಯವರೆಗೆ ಎಳೆದು ನೋಡುವಿರಾ?